ಎರಡನೆಯ ಫ್ಲಾಪಿ

ಮೊನ್ನೆ ಸೊಸೆ ಹೊಸ ಮಿಕ್ಸರ್ ತಂದು ಕಟ್ಟೆಯ ಮೇಲಿಟ್ಟು, "ಅತ್ತೀ, ವಿಭೂತಿ ಹಚ್ಚಿಬಿಡ್ರಿ" ಅಂದಳು. ನೀರಿನಲ್ಲಿ ನೆನೆದ ವಿಭೂತಿಯ ವಾಸನೆ ಮೂಗಿಗೆ ಬಂದದ್ದೇ ನನ್ನ ಕೈ ನಿಂತುಹೋಯಿತು. "ನೀನ ಹಚ್ಚವ್ವ" ಎಂದು ಹೊರಗೆ ಎದ್ದುಬಂದೆ. ಅಂಗಳದಲ್ಲಿ ಎಷ್ಟು ಸಲ ತಿರುಗಿದೆನೋ...

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು. ಅವಳು ಬಿ.ಎಸ್ಸಿ. ಮುಗಿಸಿ, ಎಂಬತ್ತರ ದಶಕದ ಕೊನೆಯಲ್ಲಿ, ಹಿಂದವಾಡಿಯ ಹೊಸ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸಲು ಸೇರಿದ್ದಳು. ಮೂರು ತಿಂಗಳು ನೋಡಿ ನೌಕರಿ ಪಕ್ಕಾ ಮಾಡುತ್ತೇನೆಂದು ಮಾಲಕರು ಹೇಳಿದ್ದರು. ಪಕ್ಕಾ ಆಗದಿದ್ದರೆ ಖಾನಾಪುರದ ಸಂಬಂಧಕ್ಕೆ ಒಪ್ಪಬೇಕು, ಇದು ಅಪ್ಪನ ಮಾತು.

ಅಷ್ಟರಲ್ಲಿ ಪುಣೆಯಿಂದ ಕಂಪೈಲರ್ ಬಂತು, ಎರಡು ಫ್ಲಾಪಿಗಳಲ್ಲಿ. ಅದನ್ನು ಯಂತ್ರಕ್ಕೆ ಹಾಕಿ, ಸೋಮವಾರದೊಳಗೆ ನಡೆಸಿ ತೋರಿಸುವ ಕೆಲಸ ಅಕ್ಕನದು. ಶನಿವಾರ ಸಂಜೆ ಫ್ಲಾಪಿಗಳನ್ನೂ ಅವುಗಳ ಪುಸ್ತಕವನ್ನೂ ಮನೆಗೇ ತಂದಳು.

"ಏನಕ್ಕ ಇದು, ಹಪ್ಪಳ ಇದ್ದಂಗ ಐತಿ?"

"ಹಪ್ಪಳ ಅಲ್ಲಲೇ ಹುಚ್ಚಿ. ನಾವು ಬರದದ್ದು ಯಂತ್ರಕ್ಕ ತಿಳಿಯೂ ಹಂಗ ಮಾಡತೈತಿ. ನಾಳೆ ನಾಕು ಸಾಲು ಬರದು ನೋಡ್ತೀನಿ. ಪರದೆ ಮ್ಯಾಲ ನಿನ್ನ ಹೆಸರು ಮೂಡಿತಂದ್ರ ಎಲ್ಲಾ ಬರೋಬ್ಬರಿ ಐತಿ ಅಂತ ತಿಳ್ಕೊ."

ನನ್ನ ಹೆಸರು! ಆ ಖುಷಿಯೇ ನನ್ನ ತಲೆ ಕೆಡಿಸಿತೇನೋ...

ನಮ್ಮ ಮನೆಯಲ್ಲಿ ಯಾವ ಹೊಸ ವಸ್ತುವೂ ವಿಭೂತಿ ಹಚ್ಚದೆ ಬಳಕೆಗೆ ಬರುತ್ತಿರಲಿಲ್ಲ. ಹೊಲಿಗೆ ಯಂತ್ರಕ್ಕೂ, ರವಿವಾರ ಪೇಟೆಯ ಅಪ್ಪನ ಅಂಗಡಿಯ ತಕ್ಕಡಿಗೂ ಮೂರು ಬೆರಳಿನ ಗೆರೆ. ಮರುದಿನ ಅಕ್ಕ ಸ್ನಾನಕ್ಕೆ ಹೋದಾಗ ಒಂದು ಫ್ಲಾಪಿಯನ್ನು ಲಕೋಟೆಯಿಂದ ತೆಗೆದೆ. ಕರಿಯ ಹೊದಿಕೆಯ ಸೀಳಿನಲ್ಲಿ ಕಂದು ಬಣ್ಣದ ಹೊಳಪು ಕಂಡಿತು. ಅದೇ ಅದರ ಹಣೆ ಅನ್ನಿಸಿತು. ಹಚ್ಚಿದೆ. ಬಚ್ಚಲ ಬಾಗಿಲು ಸದ್ದಾಯಿತು. ಬೈದಾಳೆಂದು ಲಂಗದ ತುದಿಯಿಂದ ಗಸಗಸ ಒರೆಸಿ ಒಳಗಿಟ್ಟೆ.

ರವಿವಾರವೂ ನಡೆಯುತ್ತಿದ್ದ ಕ್ಲಾಸಿನಿಂದ ಮಧ್ಯಾಹ್ನವೇ ಅಕ್ಕ ತಿರುಗಿ ಬಂದಳು. ಮೊದಲನೆಯ ಫ್ಲಾಪಿ ಸರಿಯಾಗಿ ನಡೆಯಿತಂತೆ. ಎರಡನೆಯದರ ಸೀಳಿನೊಳಗಿನ ಕಂದು ತಟ್ಟೆಯನ್ನು ಯಂತ್ರ ಓದಲೇ ಇಲ್ಲವಂತೆ. "ಹೊಸಾದು ತಾನ ಕೆಡತೈತೇನ್ರೀ ಬಾಯಾರ? ನಿಮಗ ಹಾಕಾಕ ಬರಂಗಿಲ್ಲ ಅನ್ರಿ" ಎಂದು ಮಾಲಕರು ಎಲ್ಲರೆದುರು ಅಂದರಂತೆ.

"ನೀ ಏನರ ಮುಟ್ಟಿದ್ದೇನ?" ಅಕ್ಕ ನನ್ನನ್ನು ಕೇಳಿದಳು. "ಸಿಟ್ಟಾಗಂಗಿಲ್ಲ, ಖರೇ ಹೇಳು. ಹಿಂಗಾತಂತ ಅವರಿಗೆ ತಿಳಿಸಿ ಬ್ಯಾರೇದು ತರಸ್ತೀನಿ."

"ಇಲ್ಲಕ್ಕ."

ಅವಳು ನಂಬಿದಳು. ಬೇರೆ ಫ್ಲಾಪಿ ಬರುವಷ್ಟರಲ್ಲಿ ಅವಳ ಜಾಗಕ್ಕೇ ಬೇರೆಯವರು ಬಂದಿದ್ದರು.

ಅಕ್ಕ ಖಾನಾಪುರದ ಸೊಸೆಯಾದಳು. ಭಾವ ಒಳ್ಳೆಯವರೇ. ಆದರೆ ನಾನು ಹೋದಾಗಲೆಲ್ಲ, ರೊಟ್ಟಿ ಬಡಿಯುತ್ತ, ಅಂದು ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳುತ್ತಿದ್ದಳು. "ಅಂಚು ಹಿಡದ ಹಾಕಿದ್ದೆ. ಪುಸ್ತಕದಾಗ ಬರದಂಗ ಮಾಡಿದ್ದೆ. ಎಲ್ಲಿ ತಪ್ಪಿತ ತಂಗಿ ನಂದು?" ನಾನು ಬಸ್ಸಿಗೆ ಹೊತ್ತಾಯಿತೆಂದು ಏಳುತ್ತಿದ್ದೆ. ಬಸ್ಸಿಗೆ ಇನ್ನೂ ಒಂದು ತಾಸು ಇರುತ್ತಿತ್ತು.

ಕಡೆಯ ಸಲ, ನೆಹರು ನಗರದ ಆಸ್ಪತ್ರೆಯಲ್ಲಿ, ಅಕ್ಕನ ಮಂಚದ ಬಾಜು ಕೂತು ಧೈರ್ಯ ಮಾಡಿದೆ. "ಅವತ್ತ ನಿನ್ನ ತಪ್ಪಿರಲಿಲ್ಲಕ್ಕ."

"ನಿನಗೇನ ಗೊತ್ತಲೇ, ಸಾಲಿ ಬಿಟ್ಟಾಕಿ" ಎಂದು ನಕ್ಕು ನನ್ನ ಕೈ ತಟ್ಟಿದಳು.

ನನಗೆ ಗೊತ್ತಿತ್ತು. ಆ ನಗುವಿನ ಮರೆಯಲ್ಲಿ ಮತ್ತೆ ಬಸ್ಸಿನ ನೆಪ ಹೇಳಿ ಎದ್ದುಬಂದೆ... ಅಕ್ಕ ಹೋಗಿ ಎರಡು ವರ್ಷ. ಈಗ ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ. ಕೇಳಬೇಕಾದವಳೊಬ್ಬಳೇ ಇಲ್ಲ.