ಹೋಕನ್‌ನ ಉಂಗುರ

ಲುಲಿಯೊ ಊರಿನ ಆ ಪುಟ್ಟ ಕಂಪನಿಯ ಬರವಣಿಗೆ ತಂತ್ರಾಂಶದಲ್ಲಿ ಕರ್ಸರ್ ಎಂಬ ಮಿನುಗುವ ಗೆರೆಯನ್ನು ನಡೆಸುವ ಕೋಡ್ ಬರೆಯುವ ಕೆಲಸ ಗುಡ್ರುನ್‌ಳದು. ಹರೆಯವನ್ನೆಲ್ಲ ಅದಕ್ಕೇ ಸುರಿದವಳು. ಮಾತು ಕಡಿಮೆ, ಮರೆವು ಅದಕ್ಕಿಂತ ಕಡಿಮೆ. ಅಂಥವಳ ಕರ್ಸರ್‌ಗೆ ಈ ಚಳಿಗಾಲದಲ್ಲಿ ದೆವ್ವ ಹಿಡಿಯಿತು. ಬಾಣದ ಕೀಲಿ ಒತ್ತಿದರೆ ಅಕ್ಷರ ತಪ್ಪಿ ಎಲ್ಲೋ ನಿಲ್ಲುತ್ತಿತ್ತು, ಪುಟ ತಾನಾಗಿ ಮೇಲಕ್ಕೆ ಹಾರುತ್ತಿತ್ತು.

"ಕರ್ಸರ್ ಅಂದ್ರೆ ಗುಡ್ರುನ್ ತಾನೇ? ಪಾಪ, ವಯಸ್ಸಾಯ್ತು," ಎಂದ ಪಕ್ಕದ ಮೇಜಿನ ಹೋಕನ್, ಎಲ್ಲರೆದುರು.

ತಂತ್ರಾಂಶ ಕೆಡಿಸಿದವರು ಶುಕ್ರವಾರದ ಕಾಫಿಗೆ ಕೇಕ್ ತರುವುದು ಅಲ್ಲಿಯ ಕಟ್ಟಳೆ. ಗುಡ್ರುನ್ ವಾರವಾರವೂ ತಂದಳು. ಹೋಕನ್ ಎರಡೆರಡು ತುಂಡು ಬಾರಿಸಿ, "ಕೇಕಲ್ಲಂತೂ ತಪ್ಪಿಲ್ಲ ಕಣೇ," ಎಂದು ಬಾಯಿ ಒರೆಸಿಕೊಂಡ. ಸರಿಹೋಗದಿದ್ದರೆ ಕರ್ಸರ್ ಕೆಲಸ ಇನ್ನು ಹೋಕನ್‌ಗೆ ಎಂದು ಮೇಲಧಿಕಾರಿ ಎಬ್ಬಾ ಹೇಳಿಬಿಟ್ಟಳು. ಗುಡ್ರುನ್ ಕುರ್ಚಿ ಎಳೆದು ಕೂತಳು.

ಗಿರಾಕಿಯೊಬ್ಬರು ದೂರಿನೊಡನೆ ಕಳಿಸಿದ ಕಡತ ತೆರೆದು ಅರ್ಧ ಅಳಿಸಿದಳು, ಕಾಟ ಉಳಿಯಿತು. ಮತ್ತೆ ಅರ್ಧ, ಮತ್ತೆ ಅರ್ಧ. ಕೊನೆಗೆ ಉಳಿದದ್ದು ತಮ್ಮ ಊರಿನ ಹೆಸರೊಂದೇ, ಅದರ ತುದಿಯಲ್ಲಿ ‘ಓ’ ಎಂದು ಓದುವ, ತಲೆಯ ಮೇಲೆ ಉಂಗುರ ಹೊತ್ತ å. ಅದನ್ನು ಅಳಿಸಿ, ತನ್ನ ಕೀಲಿಮಣೆಯಲ್ಲಿ ಅದನ್ನೇ ಮತ್ತೆ ಒತ್ತಿದಳು. ಕಾಟ ಮಾಯ! ಕಣ್ಣಿಗೆ ಎರಡೂ ಒಂದೇ. ಆದರೆ ಬೇರೆ ಕಂಪ್ಯೂಟರಿನಿಂದ ಬಂದ ಆ ಕಡತದಲ್ಲಿ ಅಕ್ಷರ ಬೇರೆ, ಉಂಗುರ ಬೇರೆ. ತಂತ್ರಾಂಶ ಒಂದನ್ನು ಎರಡೆಂದು ಎಣಿಸುತ್ತಿತ್ತು.

ಎಣಿಕೆ! "ಗುಡ್ರುನ್‌ಳ ಓಬೀರಾಯನ ಕಾಲದ ಅಕ್ಷರ ಎಣಿಕೆ ಕಿತ್ತು ನನ್ನದು ಹಾಕಿದೆ," ಎಂದು ಬೇಸಿಗೆಯಲ್ಲಿ ಇದೇ ಕಾಫಿ ಮೇಜಿನಲ್ಲಿ ಜಂಬ ಕೊಚ್ಚಿದವನು ಹೋಕನ್.

ಪಕ್ಕದಲ್ಲೇ ಕೂತಿದ್ದ. ಗುಡ್ರುನ್ ಒಂದು ಮಾತು ಹೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ಹೇಳಲಿಲ್ಲ. ಶುಕ್ರವಾರದವರೆಗೂ ಸೇಡನ್ನು ಒಳಗೊಳಗೇ ಚಪ್ಪರಿಸಿದಳು.

ಅಂದು ತಂದ ಕೇಕಿನ ಮೇಲೆ ಹೋಕನ್‌ನ ಹೆಸರಿತ್ತು. ಅವನ ಹೆಸರಿನಲ್ಲೂ ಅದೇ ಅಕ್ಷರ. ಸಕ್ಕರೆಯ ಉಂಗುರ ಮಾತ್ರ ಅಕ್ಷರದ ತಲೆಯ ಮೇಲಿಲ್ಲದೆ ತಟ್ಟೆಯ ಅಂಚಿನಲ್ಲಿ ಬಿದ್ದಿತ್ತು.

"ಈ ಪುಟದ ತುಂಬ ನಿನ್ನ ಹೆಸ್ರೇ ಇದೆ, ಹೋಕನ್. ಬಾಣ ಒತ್ತು," ಎಂದು ಗುಡ್ರುನ್ ತನ್ನ ಕಂಪ್ಯೂಟರನ್ನು ಅವನತ್ತ ತಿರುಗಿಸಿದಳು.

ಒತ್ತಿದ. ಕರ್ಸರ್ ತಪ್ಪಿತು, ಪುಟ ಹಾರಿತು.

"ಉಂಗುರ ಬಿಡಿಯಾಗಿ ಬಂದ್ರೆ ನಿನ್ನ ಎಣಿಕೆಗೆ ನಿನ್ನ ಹೆಸ್ರೇ ಗುರ್ತು ಸಿಗಲ್ಲ. ಈಗ ಓಬೀರಾಯನ್ನ ಹಾಕ್ತೀನಿ, ನೋಡು."

ಹಾಕಿದಳು. ಕರ್ಸರ್ ನಿಲ್ಲಬೇಕಾದಲ್ಲೇ ನಿಂತಿತು. ಯಾರೋ ಕಿಸಕ್ಕೆಂದರು.

"ಕರ್ಸರ್ ನಿನ್ ಹತ್ರಾನೇ ಇರ್ಲಿ, ಗುಡ್ರುನ್," ಎಂದಳು ಎಬ್ಬಾ. "ಇನ್ಮೇಲೆ ಕೇಕ್ ತರೋದು ಹೋಕನ್."

ಹೋಕನ್‌ನ ಕಿವಿ ಕೆಂಪಾಗಿತ್ತು. "ನಂಗೊಬ್ನಿಗೇ ಮೊದ್ಲೇ ಹೇಳ್ಬಹುದಿತ್ತಲ್ಲೇ?"

"ಹೇಳ್ಬಹುದಿತ್ತು," ಎನ್ನುತ್ತ ಗುಡ್ರುನ್ ತಟ್ಟೆಯಂಚಿನ ಉಂಗುರವನ್ನೆತ್ತಿ ಬಾಯಿಗೆ ಹಾಕಿಕೊಂಡಳು.