ಚಾಸಿ ನಂಬರಿನ ಮೇಲಿನ ಕುಂಕುಮ

ನನ್ನ ತಂಗಿ ಹಳೇ ಗಾಡಿ ಕೊಳ್ಳಲು ಹೋಗಿ ಮೋಸ ಹೋದಳು ಎಂದು ನಮ್ಮ ಕಡೆ ಒಂದು ವರ್ಷ ಹೇಳಿಕೊಂಡು ತಿರುಗಿದರು. ಆ ಮಾತು ಸುಳ್ಳು. ಮೋಸ ಹೋದವನು ನಾನು, ಕಳೆದುಕೊಂಡವಳು ಅವಳು. ಆ ಸುಳ್ಳನ್ನು ಊರಿನ ಬಾಯಿಗೆ ಕೊಟ್ಟವನೂ ನಾನೇ.

ಅವಳು ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಮಾಸ್ತಿ ಹತ್ತಿರ, ನಮ್ಮ ಪಕ್ಕದ ಊರಿಗೇ ಕೊಟ್ಟಿದ್ದೇವೆ. ಎರಡೂ ಊರಿಗೆ ಹಾಲಿನ ಡೈರಿ ಒಂದೇ. ಪಿಯುಸಿ ಓದಿದವಳು. ಹುರುಳಿಕಾಯಿ, ಮೂಲಂಗಿ, ಸೊಪ್ಪು ಬೆಳೆದು ಮಾಲೂರಿನ ಕಾರ್ಖಾನೆ ಕೆಲಸಗಾರರ ಮೆಸ್ಸುಗಳಿಗೆ ನೇರವಾಗಿ ಕೊಡುತ್ತಿದ್ದಳು. ಮೆಸ್ಸಿನವರಿಗೆ ಬೆಳಗ್ಗೆ ಆರಕ್ಕೆ ಸೊಪ್ಪು ಬೇಕು. ಬಾಡಿಗೆ ಆಟೋದವನು ಏಳಕ್ಕೆ ಬರುತ್ತಿದ್ದ, ಒಂದೊಂದು ದಿನ ಬರುತ್ತಲೇ ಇರಲಿಲ್ಲ. ಇಬ್ಬರು ಗಿರಾಕಿಗಳು ಕೈ ಬಿಟ್ಟ ಮೇಲೆ ಅವಳು ಯಾರನ್ನೂ ಕೇಳದೆ ಮಾಲೂರಿನಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ತಂದಳು. ಸಾಮಾನು ಸಾಗಿಸುವ ಮೂರು ಚಕ್ರದ ಆಟೋ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವುದು ಅವಳ ಲೆಕ್ಕ. ಅವಳ ಗಂಡ ಒಪ್ಪಿದ. ಒಂದೇ ಮಾತು ಹೇಳಿದ.

"ನಿಮ್ಮಣ್ಣನ್ನ ಕರ್ಕೊಂಡು ಹೋಗು. ಗಾಡಿ ವಿಷ್ಯ ಅವ್ನಿಗೆ ಗೊತ್ತು."

ಗಾಡಿ ವಿಷಯ ನನಗೆ ಗೊತ್ತು, ಅದು ಸುಳ್ಳಲ್ಲ. ಇಪ್ಪತ್ತು ವರ್ಷದಿಂದ ಬೇರೆಯವರ ಟ್ರಾಕ್ಟರ್ ಓಡಿಸಿದ್ದೇನೆ. ಇಂಜಿನ್ ಸದ್ದು ಕೇಳಿದರೆ ಯಾವ ಕಡೆ ಏನು ಸಡಿಲವಾಗಿದೆ ಎಂದು ಹೇಳಬಲ್ಲೆ. ಆದರೆ ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕನ್ನಡ ಓದುತ್ತೇನೆ, ಬರೆಯುತ್ತೇನೆ. ಅಂಕಿ ಗೊತ್ತು. ಇಂಗ್ಲಿಷ್ ಅಕ್ಷರ ಮಾತ್ರ ನನ್ನ ಕಣ್ಣಿಗೆ ಇರುವೆ ಹರಿದ ಹಾಗೆ. ಇದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ತಂಗಿ ಮೊಬೈಲಿನಲ್ಲಿ ಒಂದು ಗಾಡಿಯ ಫೋಟೋ ನೋಡಿದಳು. ಮಾರುವವನು ಶ್ರೀನಿವಾಸಪುರದ ಕಡೆಯವನಂತೆ. ರಾಯಲ್ಪಾಡಿಗೆ ಬನ್ನಿ ಅಂದ. ಮನೆ ಎಲ್ಲಿ ಎಂದು ಕೇಳಿದರೆ, ದಾರಿ ಚೆನ್ನಾಗಿಲ್ಲ, ರೋಡಿನಲ್ಲೇ ನಿಂತಿರುತ್ತೇನೆ ಅಂದ. ಗಾಡಿ ಮಾರುವವನು ಮನೆ ಬಾಗಿಲು ತೋರಿಸುವುದಿಲ್ಲ ಎಂದರೆ ಅಲ್ಲಿಂದಲೇ ವಾಪಸ್ಸು ಬರಬೇಕು. ಈಗ ಇದನ್ನು ಎಷ್ಟು ಸಲೀಸಾಗಿ ಹೇಳುತ್ತಿದ್ದೇನೆ ನೋಡಿ. ಅವತ್ತು ಎರಡು ಬಸ್ಸು ಹತ್ತಿಳಿದು ಹೋದೆವು.

ಮುಚ್ಚಿದ ಮಾವಿನ ಮಂಡಿಯ ಮುಂದೆ ಗಾಡಿ ನಿಂತಿತ್ತು. ಬಿಳಿ ಶರ್ಟು, ಜೇಬಿನಲ್ಲಿ ಪೆನ್ನು, ನೋಡಿದರೆ ಮೇಷ್ಟ್ರು ಅನ್ನಬೇಕು, ಅಂಥ ಮನುಷ್ಯ. ನಾನು ತಂಗಿಯ ಹತ್ತಿರ ತೆಲುಗಿನಲ್ಲಿ ಏನೋ ಅಂದದ್ದು ಅವನ ಕಿವಿಗೆ ಬಿತ್ತು. ನಮ್ಮ ಮನೆಯಲ್ಲಿ ಆಡುವುದು ತೆಲುಗೇ. "ಮನೋಳ್ಳೇ ಕದಾ," ಎಂದು ನಕ್ಕ. ನಮ್ಮವರೇ ಅಲ್ಲವಾ ಎಂದು ಅರ್ಥ. ಆ ಒಂದು ಮಾತಿಗೆ ನನ್ನ ಅರ್ಧ ಅನುಮಾನ ಕರಗಿತು.

ಇಂಜಿನ್ ಮೇಲೆ ಕೈ ಇಟ್ಟೆ. ಬಿಸಿಯಾಗಿತ್ತು.

"ಇಂಜಿನ್ ಬಿಸಿ ಐತಲ್ಲ," ಅಂದೆ.

"ಅದೇ ಮೇಸ್ತ್ರಿ. ಬೇರೆಯೋರು ಸೀಟ್ ಕವರ್ ಸವರಿ ನೋಡ್ತಾರೆ, ನೀವು ಬಂದೋರೇ ಇಂಜಿನ್ ಮುಟ್ಟಿದ್ರಿ. ಗೊತ್ತಿರೋರ ಹತ್ರ ವ್ಯಾಪಾರ ಮಾಡೋದೇ ಒಂದು ಖುಷಿ," ಅಂದ. "ಈಗ್ತಾನೆ ಓಡಿಸ್ಕೊಂಡು ಬಂದೆ, ಅದಕ್ಕೆ ಬಿಸಿ."

ತಣ್ಣಗಿದ್ದಾಗ ಸ್ಟಾರ್ಟ್ ಆಗದ ಗಾಡಿಯನ್ನು ಮೊದಲೇ ಬಿಸಿ ಮಾಡಿ ನಿಲ್ಲಿಸುತ್ತಾರೆ. ಇದು ನನಗೆ ಗೊತ್ತು. ನನ್ನ ತಂಗಿಗೂ ಹೊಳೆಯಿತು. "ಅರ್ಧ ಗಂಟೆ ಕಾಯೋಣ ಅಣ್ಣ, ಆರ್ಲಿ," ಅಂದಳು.

"ಕಾಯಿರಿ ಅಮ್ಮಾ, ಬೇಡ ಅಂದೋರ್ಯಾರು. ಮುಳಬಾಗಿಲಿಂದ ಒಂದು ಪಾರ್ಟಿ ಹೊರಟವ್ರೆ. ಅವ್ರು ಬಂದು ದುಡ್ಡು ಕೈಗಿಟ್ರೆ ಆಮೇಲೆ ನನ್ನ ಅನ್ಬೇಡಿ," ಎಂದು ಅವನು ಮೊಬೈಲ್ ತೆಗೆದು ನೋಡಿದ.

ಅವಳು ನನ್ನ ಮುಖ ನೋಡಿದಳು. ನಾನು ಕಾಯುವುದು ಬೇಡ ಅಂದೆ. ಮೇಸ್ತ್ರಿ ಅನ್ನಿಸಿಕೊಂಡವನು ಅನುಮಾನ ಪಡುತ್ತಾ ನಿಂತರೆ ಚೆನ್ನಾಗಿರುವುದಿಲ್ಲ ಅನ್ನಿಸಿತು. ನನ್ನ ಬೆಲೆ ಅಷ್ಟೇ, ಒಂದು ಮೇಸ್ತ್ರಿ. ಬ್ರೇಕ್ ಪೆಡಲಿನ ರಬ್ಬರ್ ಸವೆದು ತಗಡು ಕಾಣುತ್ತಿತ್ತು. ಮೀಟರಿನಲ್ಲಿ ಓಡಿದ್ದು ಮಾತ್ರ ಹೊಸ ಗಾಡಿಯಷ್ಟು. ಪ್ಲಾಸ್ಟಿಕ್ಕೂ ಬಿಚ್ಚದ ಹೊಸ ಸೀಟು ಕವರು. ಎಲ್ಲವೂ ಕಣ್ಣಿಗೆ ಬಿತ್ತು. ಬಾಯಿಗೆ ಬರಲಿಲ್ಲ.

ಆಮೇಲೆ ಅವನು ಸೀಟು ಎತ್ತಿದ. ಚಾಸಿ ನಂಬರು ಇರುವುದು ಅಲ್ಲಿ, ಕಬ್ಬಿಣದ ಮೇಲೆ ಕೊರೆದಿರುತ್ತಾರೆ. ಗಾಡಿಯ ಆರ್‌ಸಿ ಕಾರ್ಡಿನಲ್ಲಿರುವ ನಂಬರೂ ಈ ನಂಬರೂ ಒಂದೇ ಇದ್ದರೆ ಮಾತ್ರ ಆ ಗಾಡಿ ಆ ಕಾರ್ಡಿನದು. ಆ ಜಾಗದಲ್ಲಿ ನಂಬರೇ ಕಾಣಲಿಲ್ಲ. ಅರಿಶಿನ, ಕುಂಕುಮ, ವಿಭೂತಿಯನ್ನು ಎಣ್ಣೆಯಲ್ಲಿ ಕಲಸಿ ಗೋಡೆಗೆ ಗಾರೆ ಮೆತ್ತಿದ ಹಾಗೆ ಮೆತ್ತಿತ್ತು. ಒಣಗಿದ ಚೆಂಡು ಹೂವಿನ ಎಸಳು ಅದರಲ್ಲೇ ಅಂಟಿಕೊಂಡಿತ್ತು.

ತಂಗಿ ಸೆರಗಿನ ತುದಿಯನ್ನು ಬಾಟಲಿ ನೀರಿನಲ್ಲಿ ಒದ್ದೆ ಮಾಡಿ ಬಗ್ಗಿದಳು.

"ಅಮ್ಮಾ, ಒರಸ್ಬೇಡಿ," ಅಂದ ಅವನು, ಬಹಳ ಮೆತ್ತಗೆ. "ಆಯುಧಪೂಜೇಲಿ ಇಟ್ಟಿರೋದು. ನಮ್ಮನೆ ಲಕ್ಷ್ಮಿ ಅದು, ನಿಮ್ಮನೆಗೆ ಬತ್ತಾ ಇದೆ. ಆಮೇಲೆ ನಿಮ್ಮಿಷ್ಟ."

ನಮ್ಮ ಕಡೆ ಆಯುಧಪೂಜೆಯಲ್ಲಿ ಗಾಡಿಗೆ ಇಟ್ಟ ಕುಂಕುಮವನ್ನು ಯಾರೂ ಒರೆಸುವುದಿಲ್ಲ. ಮಳೆ ಬಿಸಿಲಿಗೆ ತಾನಾಗಿ ಹೋಗಬೇಕು. ನೊಗ, ನೇಗಿಲು, ಪಂಪ್‌ಸೆಟ್ಟು, ಎಲ್ಲಕ್ಕೂ ಅದೇ ಕ್ರಮ. ನಾನು ಓಡಿಸಿದ ಒಂದು ಟ್ರಾಕ್ಟರಿನ ಬಾನೆಟ್ಟಿಗೂ ನಾನು ಬಟ್ಟೆ ಹಾಕಿದವನಲ್ಲ. ಇದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಕಳ್ಳರು ಬೀಗ ಒಡೆಯುತ್ತಾರೆ. ಇವನು ನಮ್ಮ ಭಕ್ತಿಯಲ್ಲೇ ಒಂದು ಬೀಗ ಮಾಡಿ ನಮ್ಮ ಕಣ್ಣಿಗೇ ಹಾಕಿದ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆಯುಧಪೂಜೆ ಆಗಿ ಆರು ತಿಂಗಳು ಕಳೆದಿತ್ತು, ಆಗ ಯುಗಾದಿಯೂ ಮುಗಿದಿತ್ತು. ಸೀಟಿನ ಕೆಳಗಿನ ಧೂಳಿನಲ್ಲಿ ಕುಂಕುಮ ಅಷ್ಟು ಕೆಂಪಾಗಿ ಉಳಿಯುವುದು ಹೇಗೆ ಎಂದು ಕೇಳಬೇಕಾದವನು ನಾನು. ನಾನು ತಂಗಿಯ ಕೈ ತಟ್ಟಿದೆ.

"ಕೈ ತೆಗಿಯೇ. ಪೂಜೆ ಮಾಡಿರೋದನ್ನ ಒರಸ್ತಾರಾ ಯಾರಾದ್ರೂ? ಓದಿದ್ದು ಜಾಸ್ತಿ ಆಯ್ತು ನಿಂಗೆ."

ಹಾಗೆಂದು ಎರಡು ಬೆರಳಿನಿಂದ ಆ ಕುಂಕುಮ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಅವನೂ ಕೈ ಮುಗಿದ.

ಕಾರ್ಡನ್ನು ಅವನು ನನ್ನ ಕೈಗೆ ಕೊಟ್ಟ, ತಂಗಿಯ ಕೈಗಲ್ಲ. ಎಲ್ಲ ಇಂಗ್ಲಿಷ್. ನಾನು ಅದನ್ನು ದೂರ ಹಿಡಿದೆ, ಹತ್ತಿರ ಹಿಡಿದೆ, ಎಡದಿಂದ ಬಲಕ್ಕೆ ಕಣ್ಣು ಆಡಿಸಿದೆ, ಸಾಲು ಮುಗಿದಂತೆ ಕೆಳಗಿಳಿದೆ. ನಂಬರ್ ಪ್ಲೇಟಿನ ಅಂಕಿ ಮಾತ್ರ ಗುರುತು ಸಿಕ್ಕಿತು. "ಸರಿ ಐತೆ," ಅಂದೆ.

"ಕೊಡಣ್ಣ, ನಾನೂ ಒಂದ್ಸಲ ನೋಡ್ತೀನಿ," ಎಂದು ತಂಗಿ ಕೈ ಚಾಚಿದಳು.

"ನಾನು ನೋಡಿದ್ನಲ್ಲ," ಎಂದು ಕಾರ್ಡನ್ನು ನನ್ನ ಜೇಬಿಗೆ ಹಾಕಿಕೊಂಡೆ. ಅವಳ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ತೆಗೆದಳು.

ವರ್ಷಗಟ್ಟಲೆ ಸೊಪ್ಪು ಮಾರಿ ಕೂಡಿಟ್ಟಿದ್ದನ್ನೆಲ್ಲ ಕೊಟ್ಟಳು. ರಾಯಲ್ಪಾಡಿನಿಂದ ಮಾಸ್ತಿಯವರೆಗೆ ತಾನೇ ಓಡಿಸಿದಳು. ಮೂರು ವಾರ ಬೆಳಗ್ಗೆ ಆರಕ್ಕೆ ಮೆಸ್ಸಿನ ಬಾಗಿಲಲ್ಲಿ ಇದ್ದಳು. ಬಿಟ್ಟುಹೋದ ಗಿರಾಕಿಗಳಲ್ಲಿ ಒಬ್ಬರು ವಾಪಸ್ಸು ಬಂದರು. ಅವಳ ಮುಖದಲ್ಲಿ ಅಂಥ ಗೆಲುವನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

ಗಾಡಿಯನ್ನು ಅವಳ ಹೆಸರಿಗೆ ಮಾಡಿಸಲು ಕೋಲಾರದ ಆರ್‌ಟಿಓ ಕಚೇರಿಗೆ ಹೋದೆವು. ಕಾರ್ಡು ಅಲ್ಲಿಯವರೆಗೂ ನನ್ನ ಹತ್ತಿರವೇ ಇತ್ತು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಡಬೇಕು. ಅಲ್ಲಿನ ನೌಕರ ಸೀಮೆಎಣ್ಣೆ ಬಟ್ಟೆಯಲ್ಲಿ ಒಂದೇ ಸಲ ಒರೆಸಿದ. ಕುಂಕುಮವೆಲ್ಲ ಬಟ್ಟೆಗೆ ಬಂತು. ಅಚ್ಚು ತೆಗೆದು ನೋಡಿದ, ಮತ್ತೆ ನೋಡಿದ. ಹಳೇ ನಂಬರನ್ನು ತೇಯ್ದು ಮೇಲೆ ಬೇರೆ ನಂಬರ್ ಕೊರೆದಿದ್ದರು. ಅಕ್ಷರಗಳು ಒಂದು ಮೇಲೆ ಒಂದು ಕೆಳಗೆ. ಕಾರ್ಡಿನ ನಂಬರಿಗೆ ಎರಡು ಅಂಕಿ ತಾಳೆಯೂ ಆಗಲಿಲ್ಲ. ಕಾರ್ಡು ಬೇರೆ ಜಿಲ್ಲೆಯ ಯಾರೋ ಹೆಂಗಸಿನ ಹೆಸರಿನಲ್ಲಿತ್ತು, ಗಾಡಿ ಅವನು ಹೇಳಿದ್ದಕ್ಕಿಂತ ನಾಲ್ಕು ವರ್ಷ ಹಳೆಯದು. ಇವೆರಡೂ ಕಾರ್ಡಿನ ಮೇಲಿನ ಸಾಲಿನಲ್ಲೇ ಬರೆದಿತ್ತಂತೆ.

"ಓದೋಕೆ ಬರೋರು ಒಬ್ರೂ ಇರ್ಲಿಲ್ವೇನ್ರಿ? ಯಾರು ನೋಡಿ ತಗೊಂಡಿದ್ದು ಇದನ್ನ?" ಎಂದು ಅವನು ಕೇಳಿದ.

ತಂಗಿ ನನ್ನನ್ನು ನೋಡಿದಳು. ಕಚೇರಿಯ ತುಂಬ ಜನ ನಮ್ಮನ್ನು ನೋಡುತ್ತಿದ್ದರು.

"ನಮ್ಮ ತಂಗಿ ಸ್ವಲ್ಪ ಆತುರ ಮಾಡಿದ್ಲು ಸಾರ್," ಅಂದೆ.

ನಾನು ಇಷ್ಟೆಲ್ಲ ಬರೆಯುತ್ತಿರುವುದು ಈ ಒಂದು ಸಾಲು ಬರೆಯುವುದಕ್ಕೆ.

ಗಾಡಿ ಕದ್ದದ್ದು ಎಂದು ಪೊಲೀಸರು ಇಟ್ಟುಕೊಂಡರು. ಮಾರಿದವನ ಫೋನು ಸತ್ತಿತ್ತು. ನಾನು ರಾಯಲ್ಪಾಡಿಗೆ ಹೋಗಿ ಕೇಳಿದರೆ, ಅಂಥ ಮನುಷ್ಯ ನಮ್ಮೂರಲ್ಲಿ ಇಲ್ಲವೇ ಇಲ್ಲ ಅಂದರು. ಮಂಡಿ ಎದುರಿನ ಟೀ ಅಂಗಡಿಯವನು, "ಅವತ್ತು ಬೆಳಗ್ಗೆಯಿಂದ ಗಾಡಿ ಆನ್ ಮಾಡ್ಕೊಂಡೇ ಕೂತಿದ್ದ ನಾಯ್ನಾ, ಡೀಸೆಲ್ ಪುಗಸಟ್ಟೆ ಬಂತೇನೋ ಅನ್ಕೊಂಡೆ," ಅಂದ.

ನನ್ನ ಮಾತು ಮಾತ್ರ ಕೋಲಾರದಿಂದ ನನಗಿಂತ ಮೊದಲು ಊರು ಮುಟ್ಟಿತು. ಡೈರಿಯ ಸಾಲಿನಲ್ಲಿ ಗಂಡಸರಿಗೆ ಹಬ್ಬ. "ಹೆಂಗಸ್ರ ಕೈಗೆ ಸ್ಟೇರಿಂಗ್ ಕೊಟ್ರೆ ಗಾಡಿ ಸೀದಾ ಸ್ಟೇಷನ್‌ಗೇ ಹೋಯ್ತದೆ ಕಣೋ," ಎಂದು ಒಬ್ಬ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳ ಗಂಡ ನಗಲಿಲ್ಲ, ಮನೆಗೆ ಹೋಗಿ ಇನ್ನು ಗಾಡಿ ಸಹವಾಸ ಸಾಕು ಅಂದ. ಬಾಡಿಗೆ ಆಟೋ ಮತ್ತೆ ಏಳಕ್ಕೆ ಬರತೊಡಗಿತು. ಮೆಸ್ಸುಗಳು ಒಂದೊಂದೇ ಕಳಚಿ ಕೊನೆಗೆ ಒಂದು ಉಳಿಯಿತು. ಲೈಸೆನ್ಸ್ ಇದ್ದವಳು ಸೊಪ್ಪಿನ ಕಂತೆಯ ಮೇಲೆ ಕೂತು ಇನ್ನೊಬ್ಬನ ಗಾಡಿಗೆ ಕಾಯುವುದನ್ನು ನಾನು ಟ್ರಾಕ್ಟರಿನಿಂದ ನೋಡಿಕೊಂಡು ಹೋಗುತ್ತಿದ್ದೆ. ಹಾರ್ನ್ ಹೊಡೆದರೆ ತಲೆ ಎತ್ತುತ್ತಿದ್ದಳು, ಅಷ್ಟೇ.

ಹೋದ ತಿಂಗಳು ಕೊನೆಯ ಮೆಸ್ಸಿನವರೂ ಇನ್ನು ಸೊಪ್ಪು ಬೇಡ ಅಂದರಂತೆ. ಅವತ್ತು ಸಂಜೆ ಅವಳು ಮಾರದೆ ಉಳಿದ ಸೊಪ್ಪನ್ನು ನಮ್ಮ ಮನೆಗೆ ತಂದಳು. ಜಗುಲಿಯಲ್ಲಿ ಅವಳೊಬ್ಬಳೇ ಸಿಕ್ಕಿದಾಗ ಹೇಳಿದೆ.

"ಆ ಕಾರ್ಡು ನಾನು ಓದಿರ್ಲಿಲ್ಲ ಕಣೇ. ನಂಗೆ ಇಂಗ್ಲಿಷ್ ಬರಲ್ಲ."

"ಗೊತ್ತು," ಅಂದಳು ಸೊಪ್ಪು ಬಿಡಿಸುತ್ತಾ.

"ಯಾವಾಗಿಂದ?"

"ಅಮ್ಮನ ಮಾತ್ರೆ ಚೀಟಿ ನನ್ ಕೈಗೆ ಕೊಟ್ಟು ಕನ್ನಡಕ ಮರ್ತಿದೀನಿ ಅಂತಿದ್ದೆ. ನಿಂಗೆ ಕನ್ನಡಕ ಎಲ್ಲಿತ್ತಣ್ಣ?"

"ಮತ್ತೆ ಅವತ್ತು ಕಿತ್ಕೊಂಡು ಓದ್ಬಾರ್ದಾಗಿತ್ತಾ?"

"ಯಾರೋ ಮೂರನೆಯವನ ಮುಂದೆ ನಿನ್ನ ಮರ್ಯಾದೆ ತೆಗೀಲಾ? ಹೋಗ್ಲಿ, ಅಣ್ಣ ಅಲ್ವಾ ಅಂತ ಸುಮ್ನಾದೆ. ನೀನು ಕೋಲಾರದಲ್ಲಿ ಎಲ್ಲಾರ ಮುಂದೆ ನನ್ನ ಮರ್ಯಾದೆ ತೆಗ್ದೆ."

ತಪ್ಪಾಯಿತು ಅಂದೆ. ಅವಳಿಗೆ ಅದು ಸಾಲಲಿಲ್ಲ. ಸಾಲಬೇಕಾಗಿಯೂ ಇರಲಿಲ್ಲ.

"ನಂಗೆ ಹೇಳಿ ಏನ್ ಬಂತು? ನಂಗೇನ್ ಗೊತ್ತಿಲ್ವಾ? ಡೈರಿ ಹತ್ರ ಹೇಳು. ನಮ್ಮೆಜಮಾನ್ರು ಇರೋವಾಗ ಹೇಳು."

ಮರುದಿನ ಬೆಳಗ್ಗೆ ಹೇಳಿದೆ. ಕ್ಯಾನು ಕೆಳಗಿಟ್ಟು, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ. ಗಾಡಿ ನೋಡಿದ್ದು ನಾನು, ಅವಳು ಕಾಯೋಣ ಅಂದರೂ ಬೇಡ ಅಂದದ್ದು ನಾನು, ಕುಂಕುಮ ಒರೆಸಲು ಹೋದ ಅವಳ ಕೈ ತಟ್ಟಿದ್ದು ನಾನು, ಓದಲು ಬಾರದೆ ಓದಿದೆ ಅಂದದ್ದು ನಾನು, ಆತುರ ಮಾಡಿದಳು ಅಂದದ್ದು ಹಸೀ ಸುಳ್ಳು.

ಸ್ಟೇರಿಂಗ್ ಜೋಕು ಹೇಳಿದ್ದವನೇ ಮೊದಲು ಬಾಯಿ ಬಿಟ್ಟ. "ಏನ್ಲಾ, ನಮ್ ಟಿಲ್ಲರ್ ಕಾಗ್ದ ನೋಡಿ ಎಲ್ಲಾ ಸರಿ ಐತೆ ಅಂದೋನು ನೀನೇ ಅಲ್ವೇನ್ಲಾ?"

"ನಾನೇ," ಅಂದೆ.

ಅವನು ಹಾಲು ಹಾಕುವುದನ್ನೂ ಮರೆತು ಮನೆ ಕಡೆ ನಡೆದ. ಹಿಂದಿನಿಂದ ಯಾರೋ ನಕ್ಕರು.

ತಂಗಿಯ ಗಂಡ ನಗಲಿಲ್ಲ, ಬೈಯಲೂ ಇಲ್ಲ. "ಒಂದು ವರ್ಷ ಅವ್ಳನ್ನ ನಾನು ಬಾಯಿಗೆ ಬಂದಂಗೆ ಅಂದಿದೀನಿ. ನಿನ್ನ ಮುಂದೇನೇ ಅಂದಿದೀನಿ. ನೀನು ಕಾಫಿ ಕುಡೀತಾ ಕೂತಿದ್ದೆ," ಅಂದ. "ಅವ್ಳಿಗೆ ಬೇಕಾದ ಗಾಡಿ ಅವ್ಳೇ ನೋಡ್ಲಿ. ನೀನು ಜೊತೇಲಿ ಹೋಗೋದು ಬೇಡ."

ಅವಳು ಈಗ ಮತ್ತೆ ಗಾಡಿ ಹುಡುಕುತ್ತಿದ್ದಾಳಂತೆ. ಒಬ್ಬಳೇ ಮುಳಬಾಗಿಲಿಗೆ ಹೋಗಿ ಒಂದನ್ನು ನೋಡಿ, ಬೇಡ ಎಂದು ಬಂದಳಂತೆ. ಯಾಕೆ ಬೇಡ ಅಂದಳು ಎಂದು ನನಗೆ ಗೊತ್ತಿಲ್ಲ. ನನ್ನನ್ನು ಕೇಳಿಲ್ಲ, ನನಗೆ ಹೇಳಿಯೂ ಇಲ್ಲ.