ಮೈಕ್ ಇಲ್ಲದ ಪ್ರಾರ್ಥನೆ

“ಸ್ವಲ್ಪ ಸರದು ಕೂಡವಾ.” ಮುಂಬಯಿಯಲ್ಲಿ ಮುಲುಂಡ್ ಕಡೆಯ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಾದಲ್ಲಿ ಆ ದನಿ ಕೇಳಿದ್ದೇ ನನ್ನ ಮೈ ಉರಿಯಿತು. ನಮ್ಮ ಕನ್ನಡ ಚರ್ಚಿನ ಸುಶೀಲಾ ಆಂಟಿ! ನನಗೆ ಡೈವೋರ್ಸ್ ಆದಾಗ ಭಾನುವಾರದ ಆರಾಧನೆಯಲ್ಲಿ ಮೈಕ್ ಹಿಡಿದು, ನನ್ನ ಹೆಸರು ಹೇಳಿ, ‘ದಾರಿ ತಪ್ಪಿದ ಈ ಮಗಳನ್ನು ಕ್ಷಮಿಸು ತಂದೆಯೇ’ ಎಂದು ಗೋಳಾಡಿದವರು. ದೇವರಿಗೆ ಕೇಳಿಸಿತೋ ಇಲ್ಲವೋ, ಇಡೀ ಮುಲುಂಡಿಗೆ ಕೇಳಿಸಿತು. ನಾನು ಚರ್ಚನ್ನೇ ಬಿಟ್ಟೆ.

ಆದರೂ ಸರಿದೆ. ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಕೊಡದಿರುವುದು ಲೋಕಲ್‌ನಲ್ಲಿ ಮಹಾಪಾಪ. ಆಂಟಿ ಒಂದೇ ಪಿರ್ರೆಯೂರಿ ಕೂತರು. ಘಾಟ್ಕೋಪರ್ ದಾಟಿದ ಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು: “ನನ್ನ ಮಗಳೂ ಗಂಡನ್ನ ಬಿಟ್ಟು ಮನಿಗೆ ಬಂದಾಳವಾ. ಆಕಿ ಸಲುವಾಗಿ ಪ್ರಾರ್ಥನಾ ಮಾಡು. ಆದ್ರ ಜೋರಾಗಿ ಬ್ಯಾಡ, ಮನಸ್ಸಿನ್ಯಾಗ ಮಾಡು.”

“ಆತು ಆಂಟಿ, ಮೈಕ್ ಮುಟ್ಟೂದಿಲ್ಲ” ಎಂದೆ. ಆಂಟಿ ತಲೆ ತಗ್ಗಿಸಿದರು. ಆಮೇಲೆ ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಣ್ಣು ಮಾತ್ರ ತುಂಬಿತ್ತು.

ಚರ್ಚಿಗೆ ನಾನು ಈಗಲೂ ಹೋಗುವುದಿಲ್ಲ. ಆದರೆ ಅಂದು ಮನೆಗೆ ಬಂದು ಅಕ್ಕಿ ತೊಳೆಯುತ್ತ, ವರ್ಷಗಳ ನಂತರ ಮೊದಲ ಬಾರಿ ಪ್ರಾರ್ಥಿಸಿದೆ. ಆ ಹುಡುಗಿಯ ಹೆಸರು ಹೇಳಲಿಲ್ಲ. ಹೇಳದೆ ಗೊತ್ತಾಗದಿದ್ದರೆ ಅವನೆಂಥ ದೇವರು?